ಫೈಬ್ರೋಸಿಸ್‌ನಲ್ಲಿ ಕೊಲಾಜೆನ್ ಕ್ರಾಸ್‌ಲಿಂಕ್ ಅಳೆಯುವುದು ಹೇಗೆ? ಅಂಗಾಂಶದ ಚೂರಿನಿಂದ ಬಯೋಮಾರ್ಕರ್‌ವರೆಗೆ ಸಮಗ್ರ ಮಾರ್ಗದರ್ಶಿ

ಫೈಬ್ರೋಸಿಸ್ ಅಂದರೆ ಅಂಗದೊಳಗೆ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುವುದು, ಆ ಕಲೆಯ ಮುಖ್ಯ ಪ್ರೋಟೀನ್ ಕೊಲಾಜೆನ್. ಇದರ ಮೇಲೆ ಕೆಲಸ ಶುರು ಮಾಡುವವರು ಮೊದಲು ಅಳೆಯುವುದು ಕೊಲಾಜೆನ್ ಎಷ್ಟಿದೆ ಅನ್ನೋದನ್ನು. ಕೊಲಾಜೆನ್‌ನಲ್ಲಿ ಹೇರಳವಾಗಿರುವ ಅಮೈನೋ ಆಮ್ಲವಾದ ಹೈಡ್ರಾಕ್ಸಿಪ್ರೋಲಿನ್‌ನ ಅಸ್ಸೇ ಮಾಡುತ್ತಾರೆ, ಸ್ಲೈಡಿಗೆ ಕೊಲಾಜೆನ್ ಕೆಂಪಾಗಿ ಕಾಣಿಸುವ ಸೀರಿಯಸ್ ರೆಡ್ ಬಣ್ಣ ಹಾಕುತ್ತಾರೆ, ಎರಡು ಗುಂಪಿನ ನಡುವೆ ವ್ಯತ್ಯಾಸ ಕಂಡರೆ ಪೇಪರ್ ಬರೆಯಲು ಕೂರುತ್ತಾರೆ. ತಪ್ಪೇನಿಲ್ಲ. ಆದರೆ ಅರ್ಧ ಕಥೆ ಅಲ್ಲೇ ಉಳಿದುಬಿಡುತ್ತದೆ.

ಕಬ್ಬಿನ ಹೊರೆ ನೋಡಿದ್ದೀರಲ್ಲ. ಅಷ್ಟೇ ಜಲ್ಲೆ ಸಡಿಲವಾಗಿ ಬಿದ್ದಿದ್ದರೆ ಒಂದೊಂದಾಗಿ ಎಳೆದು ತೆಗೆಯಬಹುದು. ನಾಲ್ಕು ಕಡೆ ಬಿಗಿದು ಕಟ್ಟಿದ್ದರೆ ಒಂದನ್ನೂ ಅಲುಗಿಸಲಾಗದು. ಜಲ್ಲೆಗಳ ಲೆಕ್ಕ ಮಾತ್ರ ಎರಡರಲ್ಲೂ ಒಂದೇ. ಕೊಲಾಜೆನ್‌ನಲ್ಲಿ ಆ ಕಟ್ಟುಗಳೇ ಕ್ರಾಸ್‌ಲಿಂಕ್. ಅಂಗ ಗಟ್ಟಿಯಾಗುವುದು, ಕಿಣ್ವಗಳು ಕತ್ತರಿಸಲು ಬಂದರೂ ಕಲೆ ಕರಗದೆ ನಿಲ್ಲುವುದು ಬಹಳ ಮಟ್ಟಿಗೆ ಇವುಗಳಿಂದಲೇ. 2018ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ತಂಡ ಐಪಿಎಫ್ ರೋಗಿಗಳ ಶ್ವಾಸಕೋಶದ ಅಂಗಾಂಶ ಪರೀಕ್ಷಿಸಿತು. ಐಪಿಎಫ್ ಅಂದರೆ ಕಾರಣ ಗೊತ್ತಿಲ್ಲದೆ ಬರುವ ಶ್ವಾಸಕೋಶದ ಫೈಬ್ರೋಸಿಸ್. ಅಂಗಾಂಶ ಗಡಸಾಗಿದ್ದು ಕೊಲಾಜೆನ್‌ನ ಸಾಂದ್ರತೆ ಏರಿದ್ದರಿಂದ ಆಗಿರಲಿಲ್ಲ, ಕ್ರಾಸ್‌ಲಿಂಕ್‌ಗಳು ಬದಲಾಗಿದ್ದರಿಂದ ಆಗಿತ್ತು ಅನ್ನೋದು ಅವರಿಗೆ ಸಿಕ್ಕ ಉತ್ತರ. ಹಾಗಾಗಿ ಎಷ್ಟಿದೆ ಎಂದು ಕೇಳುವಾಗಲೇ ಹೇಗೆ ಕಟ್ಟಿದೆ ಎಂದೂ ಕೇಳಬೇಕು.

ಈ ಬರಹ ಬಯೋಕೆಮಿಸ್ಟ್ರಿ, ಫಾರ್ಮಕಾಲಜಿ, ಪೆಥಾಲಜಿ ಓದುತ್ತಿರುವ, ಲ್ಯಾಬಿನಲ್ಲಿ ಕೈ ಹಾಕಬೇಕಾದವರಿಗಾಗಿ. ರೋಗಿಗಳು ಓದಿದರೂ ಕೊನೆಯ ಹಂತಗಳಲ್ಲಿ ಅವರಿಗೆ ಬೇಕಾದದ್ದು ಸಿಗುತ್ತದೆ.

ಕೈ ಹಾಕುವ ಮೊದಲು: ಕೊಂಡಿ ಬೀಳುವುದು ಹೇಗೆ

ಮೂರು ಸರಪಳಿಗಳು ಹುರಿಗೊಂಡು ಆಗುವ ಅಣು ಕೊಲಾಜೆನ್. ಈ ತ್ರಿಸುರುಳಿ ರಚನೆಯನ್ನು 1954–55ರಲ್ಲಿ ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಮುಂದಿಟ್ಟರು. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಈ ವಿಷಯದ ಬೇರು ನಮ್ಮ ನೆಲದಲ್ಲೂ ಇದೆ ಅಂತ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು ಅನ್ನೋದು ನನ್ನ ಆಸೆ.

ಒಂದು ಅಣುವಿನ ಉದ್ದ ಸುಮಾರು 300 ನ್ಯಾನೋಮೀಟರ್. ಎರಡೂ ತುದಿಯಲ್ಲಿ ಸುರುಳಿಯಾಗದೆ ಉಳಿದ ಪುಟ್ಟ ಭಾಗಗಳಿವೆ. ಇವೇ ಟೆಲೋಪೆಪ್ಟೈಡ್. ಜೀವಕೋಶದಿಂದ ಹೊರಬಂದ ಅಣುಗಳು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಸರಿದು ಸಾಲಾಗಿ ಕೂರುತ್ತವೆ. ಆಗ ಒಂದು ಅಣುವಿನ ಟೆಲೋಪೆಪ್ಟೈಡ್ ಪಕ್ಕದ ಅಣುವಿನ ಸುರುಳಿಯ ಒಂದು ಖಾಸಾ ಜಾಗದ ಎದುರಿಗೆ ಬರುತ್ತದೆ.

ಅಲ್ಲಿಗೆ ಲೈಸಿಲ್ ಆಕ್ಸಿಡೇಸ್ ಕಿಣ್ವ ಬರುತ್ತದೆ. ಇದರ ಕುಟುಂಬದಲ್ಲಿ ಐದು ಮಂದಿ: ಲಾಕ್ಸ್, ಆಮೇಲೆ ಲಾಕ್ಸ್‌ಎಲ್1ರಿಂದ ಲಾಕ್ಸ್‌ಎಲ್4. ಎಲ್ಲಕ್ಕೂ ತಾಮ್ರ ಬೇಕು. ಟೆಲೋಪೆಪ್ಟೈಡಿನ ಲೈಸಿನ್ ಅನ್ನು ಇವು ಅಲ್ಡಿಹೈಡ್ ಮಾಡುತ್ತವೆ. ಲೈಸಿನ್‌ನಿಂದ ಬಂದದ್ದು ಆಲೈಸಿನ್, ಹೈಡ್ರಾಕ್ಸಿಲೈಸಿನ್‌ನಿಂದ ಬಂದದ್ದು ಹೈಡ್ರಾಕ್ಸಿಆಲೈಸಿನ್. ಕಿಣ್ವದ ಕೆಲಸ ಅಷ್ಟೇ. ಅಲ್ಡಿಹೈಡ್ ತಾನಾಗಿಯೇ ಪಕ್ಕದ ಅಣುವಿನ ಲೈಸಿನ್ ಅಥವಾ ಹೈಡ್ರಾಕ್ಸಿಲೈಸಿನ್ ಜೊತೆ ಸೇರಿ ಮೊದಲ ಕೊಂಡಿಯಾಗುತ್ತದೆ. ಇದು ಎರಡು ತುದಿಯ, ಇನ್ನೂ ಎಳೆಯ ಕೊಂಡಿ. ಕಾಲ ಕಳೆದಂತೆ ಇಂಥವು ಮುಂದಕ್ಕೆ ಪ್ರತಿಕ್ರಿಯಿಸಿ ಮೂರು ತುದಿಯ ಬಲಿತ ಕೊಂಡಿಗಳಾಗುತ್ತವೆ. ಅವುಗಳಲ್ಲಿ ಹೆಸರಾದದ್ದು ಪಿರಿಡಿನೋಲಿನ್. 1977ರಲ್ಲಿ ಜಪಾನಿನ ಫುಜಿಮೊಟೊ ಇದನ್ನು ದನದ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಗುರುತಿಸಿದರು.

ಇಲ್ಲಿ ಎರಡು ದಾರಿಗಳಿವೆ. ಇಡೀ ವಿಷಯದ ತಿರುಳು ಇದೇ, ನಿಧಾನವಾಗಿ ಓದಿ. ಚರ್ಮದಂಥ ಮೆತ್ತನೆಯ ಅಂಗಾಂಶಗಳು ಹೆಚ್ಚಾಗಿ ಆಲೈಸಿನ್ ದಾರಿ ಹಿಡಿಯುತ್ತವೆ. ಮೂಳೆ, ಮೃದ್ವಸ್ಥಿಗಳದ್ದು ಹೈಡ್ರಾಕ್ಸಿಆಲೈಸಿನ್ ದಾರಿ. ಪಿರಿಡಿನೋಲಿನ್ ಸಿಗುವುದು ಈ ಎರಡನೆಯ ದಾರಿಯಲ್ಲಿ. ಯಾವ ದಾರಿ ಅಂತ ನಿರ್ಧರಿಸುವುದು ಲೈಸಿಲ್ ಹೈಡ್ರಾಕ್ಸಿಲೇಸ್-2, ಅಂದರೆ ಪ್ಲಾಡ್2 ಜೀನ್‌ನ ಕಿಣ್ವ. ಟೆಲೋಪೆಪ್ಟೈಡಿನ ಲೈಸಿನ್‌ಗೆ ಹೈಡ್ರಾಕ್ಸಿಲ್ ಸೇರಿಸುವುದು ಇದೇ. ಫೈಬ್ರೋಸಿಸ್ ಆದಾಗ ಇದು ಏರುತ್ತದೆ. ಪರಿಣಾಮವಾಗಿ ಮೆತ್ತಗಿರಬೇಕಾದ ಅಂಗದಲ್ಲಿ ಮೂಳೆಯ ಮಾದರಿಯ ಕೊಂಡಿಗಳು ಬೀಳುತ್ತವೆ. ಕಲೆ ಕರಗುವುದು ಕಷ್ಟವಾಗಲು ಇದೂ ಒಂದು ಕಾರಣ.

ಹಂತ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ಕ್ರಾಸ್‌ಲಿಂಕ್ ನೋಡಬೇಕು" ಅನ್ನೋದು ಪ್ರಶ್ನೆ ಆಗುವುದಿಲ್ಲ. ಹೊಸ ಕೊಲಾಜೆನ್ ಈಗ ಕಟ್ಟಿಕೊಳ್ಳುತ್ತಿದೆಯೇ? ಹಳೆಯದು ಎಷ್ಟು ಬಲಿತಿದೆ? ಔಷಧಿ ಕೊಟ್ಟ ಮೇಲೆ ಕೊಂಡಿ ಇಳಿಯಿತೇ? ಮೂರಕ್ಕೂ ಅಳೆಯಬೇಕಾದ ವಸ್ತು ಬೇರೆ ಬೇರೆ. ಮೊದಲನೆಯದಕ್ಕೆ ಎಳೆಯ ಕೊಂಡಿ ಮತ್ತು ಆಲೈಸಿನ್, ಎರಡನೆಯದಕ್ಕೆ ಪಿರಿಡಿನೋಲಿನ್, ಮೂರನೆಯದಕ್ಕೆ ಎರಡೂ. ಇದನ್ನು ಬರೆದು ಗೋಡೆಗೆ ಅಂಟಿಸಿಕೊಂಡರೆ ಆರು ತಿಂಗಳು ಉಳಿಯುತ್ತದೆ.

ಹಂತ 2: ಅನುಮತಿ, ಆಮೇಲೆ ಅಂಗಾಂಶ

ಪ್ರಾಣಿಗಳ ಮೇಲಿನ ಕೆಲಸಕ್ಕೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮನುಷ್ಯರ ಬಯಾಪ್ಸಿ ಅಥವಾ ಆಪರೇಷನ್‌ನಲ್ಲಿ ತೆಗೆದ ಭಾಗಕ್ಕೆ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಜೊತೆಗೆ ರೋಗಿ ಓದಿ ಸಹಿ ಮಾಡಿದ ಸಮ್ಮತಿ ಪತ್ರ. ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಸಮ್ಮತಿ ಪತ್ರವನ್ನು ಕಾಟಾಚಾರಕ್ಕೆ ಅನುವಾದ ಮಾಡಿಸಬೇಡಿ. ನಿಮ್ಮ ಮನೆಯವರಿಗೆ ಓದಿ ಹೇಳಿ, ಅವರಿಗೆ ಅರ್ಥವಾದರೆ ಸರಿ.

ಮಾದರಿ ತೆಗೆಯುವಾಗ ಆಗುವ ಎಡವಟ್ಟನ್ನು ಮುಂದೆ ಯಾವ ಯಂತ್ರವೂ ಸರಿಪಡಿಸದು. ಮುಖ್ಯವಾಗಿ ಗಮನಿಸಬೇಕಾದದ್ದು ಇವು.

ಶ್ವಾಸಕೋಶವಾದರೆ ದೊಡ್ಡ ಶ್ವಾಸನಾಳಗಳನ್ನು ಬಿಡಿಸಿ ತೆಗೆಯಿರಿ. ಅವುಗಳ ಗೋಡೆಯಲ್ಲಿ ಮೃದ್ವಸ್ಥಿ ಇದೆ, ಮೃದ್ವಸ್ಥಿಯಲ್ಲಿ ಪಿರಿಡಿನೋಲಿನ್ ಹೇರಳ. ಒಂದು ಸಣ್ಣ ಚೂರು ಸೇರಿದರೂ ಆರೋಗ್ಯವಂತ ಶ್ವಾಸಕೋಶವೂ ರೋಗದ ಹಾಗೆ ಕಾಣುತ್ತದೆ. ಮೇಲಿನ ಪೊರೆಯನ್ನೂ ಬಿಡಿಸಿ. ಲಿವರ್ ಆದರೆ ಹೊರಪೊರೆ ಮತ್ತು ದೊಡ್ಡ ರಕ್ತನಾಳಗಳ ಭಾಗ ಬೇಡ. ಪ್ರತಿ ಪ್ರಾಣಿಯಲ್ಲೂ ಅದೇ ಹಾಲೆಯ ಅದೇ ಜಾಗದಿಂದ ತೆಗೆಯಿರಿ. ಹೃದಯದಲ್ಲಿ ಕವಾಟ ಸೇರಬಾರದು. ಕಿಡ್ನಿಯಲ್ಲಿ ಹೊರಭಾಗ ಮತ್ತು ಒಳಭಾಗ ಬೇರೆ ಬೇರೆಯಾಗಿರಲಿ.

ತಣ್ಣನೆಯ ಬಫರ್‌ನಲ್ಲಿ ರಕ್ತ ಹೋಗುವಂತೆ ತೊಳೆದು, ದ್ರವ ಸಾರಜನಕದಲ್ಲಿ ತಕ್ಷಣ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿಯಲ್ಲಿಡಿ. ಪಕ್ಕದ ಒಂದು ತುಂಡು ಮಾತ್ರ ಫಾರ್ಮಲಿನ್‌ಗೆ, ಅದೂ ಸ್ಲೈಡ್ ಮಾಡಲು. ಫಾರ್ಮಲಿನ್ ತಾನೇ ಪ್ರೋಟೀನುಗಳ ನಡುವೆ ಕೊಂಡಿ ಹಾಕುತ್ತದೆ. ಗಡಸುತನ, ಕರಗುವಿಕೆ, ಎಳೆಯ ಕೊಂಡಿ ನೋಡುವ ಪ್ರಯೋಗಗಳಿಗೆ ಅಂಥ ತುಂಡು ಪ್ರಯೋಜನಕ್ಕೆ ಬಾರದು.

ಹಂತ 3: ಮೊದಲು ಸ್ಲೈಡ್ ನೋಡಿ

ರಸಾಯನದ ಕೆಲಸಕ್ಕೆ ಮೊದಲು ಕಣ್ಣಿನಿಂದ ನೋಡಿ. ಸ್ಯಾಚುರೇಟೆಡ್ ಪಿಕ್ರಿಕ್ ಆಮ್ಲದಲ್ಲಿ ಶೇ 0.1ರ ಸೀರಿಯಸ್ ರೆಡ್, ಒಂದು ಗಂಟೆ, ಆಮೇಲೆ ಅಸಿಟಿಕ್ ಆಮ್ಲ ಹಾಕಿದ ನೀರಿನಲ್ಲಿ ತೊಳೆಯುವುದು. ಕೆಂಪು ಬಣ್ಣದ ಭಾಗ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ ಎಷ್ಟು ಅಂತ ಲೆಕ್ಕ ಹಾಕಿ.

ಒಂದು ಎಚ್ಚರಿಕೆ. ಪೋಲರೈಸ್ಡ್ ಬೆಳಕಿನಲ್ಲಿ ಕೆಂಪು ಕಂಡರೆ ಟೈಪ್ 1, ಹಸಿರು ಕಂಡರೆ ಟೈಪ್ 3 ಕೊಲಾಜೆನ್ ಅಂತ ಸುಮಾರು ಪ್ರಬಂಧಗಳಲ್ಲಿ ಬರೆದಿರುತ್ತಾರೆ. ಆ ಬಣ್ಣ ಕೊಲಾಜೆನ್ ನಾರಿನ ದಪ್ಪ, ಜೋಡಣೆ ಮತ್ತು ಅದು ಕೂತ ಕೋನದ ಮೇಲೆ ಹೋಗುತ್ತದೆ. ಟೈಪ್ ಬೇಕಿದ್ದರೆ ಆಂಟಿಬಾಡಿ ಬಳಸಿ. ಸೀರಿಯಸ್ ರೆಡ್ ಆಗಲಿ, ಬಣ್ಣ ಹಾಕದೆಯೇ ಕೊಲಾಜೆನ್ ನಾರು ತೋರಿಸುವ ಸೆಕೆಂಡ್ ಹಾರ್ಮೋನಿಕ್ ಮೈಕ್ರೋಸ್ಕೋಪ್ ಆಗಲಿ ಕ್ರಾಸ್‌ಲಿಂಕನ್ನು ನೇರವಾಗಿ ತೋರಿಸುವುದಿಲ್ಲ.

ಹಂತ 4: ಪುಡಿ, ಒಣಗಿಸುವಿಕೆ, ಬೋರೋಹೈಡ್ರೈಡ್

ಅಂಗಾಂಶವನ್ನು ದ್ರವ ಸಾರಜನಕದಲ್ಲಿಟ್ಟು ಕುಟ್ಟಿ ಪುಡಿ ಮಾಡಿ. ಬಫರ್‌ನಲ್ಲಿ, ಆಮೇಲೆ ತಣ್ಣೀರಿನಲ್ಲಿ ತೊಳೆಯಿರಿ. ಕೊಬ್ಬು ತುಂಬಿದ ಲಿವರ್ ಆದರೆ ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಕೊಬ್ಬು ತೆಗೆಯಿರಿ. ಇಲ್ಲವಾದರೆ ಒಣ ತೂಕದಲ್ಲಿ ಕೊಬ್ಬೇ ಜಾಸ್ತಿಯಾಗಿ ಲೆಕ್ಕ ಕೆಡುತ್ತದೆ. ಫ್ರೀಜ್ ಡ್ರೈ ಮಾಡಿ ತೂಗಿ.

ಈಗ ಮುಖ್ಯ ಕೆಲಸ. ಎಳೆಯ ಕೊಂಡಿಗಳು ಬಿಸಿ ಆಮ್ಲದಲ್ಲಿ ಉಳಿಯುವುದಿಲ್ಲ. ಸೋಡಿಯಂ ಬೋರೋಹೈಡ್ರೈಡ್‌ನಿಂದ ಅವನ್ನು ಮೊದಲೇ ಭದ್ರ ಮಾಡಿಕೊಳ್ಳಬೇಕು. ಪುಡಿಯನ್ನು ಪಿಎಚ್ 7.4ರ ಬಫರ್‌ನಲ್ಲಿ ನೆನೆಸಿ ಐಸ್ ಮೇಲಿಡಿ. ಬೋರೋಹೈಡ್ರೈಡನ್ನು ತೀರಾ ತೆಳುವಾದ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಆಗಿಂದಾಗಲೇ ಕರಗಿಸಿ. ನಿನ್ನೆ ಕರಗಿಸಿಟ್ಟದ್ದು ಬೇಡ. 30 ಪಾಲು ಅಂಗಾಂಶಕ್ಕೆ 1 ಪಾಲು ಬೋರೋಹೈಡ್ರೈಡ್ ಅನ್ನೋದು ರೂಢಿಯ ಅನುಪಾತ. ಹನಿ ಹನಿಯಾಗಿ ಹಾಕಿ. ಹಾಕಿದ ಕೂಡಲೇ ಪುಡಿಯ ಕಣಗಳ ಸುತ್ತ ಸಣ್ಣ ಗುಳ್ಳೆಗಳು ಏಳುತ್ತವೆ, ಮೇಲೆ ಬಿಳಿ ನೊರೆ ಕಟ್ಟುತ್ತದೆ, ಕಣಗಳು ಗುಳ್ಳೆಯ ಜೊತೆ ತೇಲಿ ಟ್ಯೂಬಿನ ಅಂಚಿಗೆ ಅಂಟುತ್ತವೆ. ಆ ಅಂಟಿದ ಪುಡಿಗೆ ದ್ರಾವಣ ತಾಗುತ್ತಿಲ್ಲ. ಆಗಾಗ ಮೆಲ್ಲಗೆ ತಿರುಗಿಸಿ ಕೆಳಗೆ ಇಳಿಸಿ. ಗುಳ್ಳೆಯಲ್ಲಿರುವುದು ಹೈಡ್ರೋಜನ್. ಆದ್ದರಿಂದ ಫ್ಯೂಮ್ ಹುಡ್ ಒಳಗೇ ಮಾಡಿ, ಹತ್ತಿರ ಬೆಂಕಿ ಬೇಡ, ಟ್ಯೂಬಿಗೆ ಬಿಗಿಯಾಗಿ ಮುಚ್ಚಳ ಹಾಕಲೇಬೇಡಿ.

ಒಂದರಿಂದ ಎರಡು ಗಂಟೆ ಸಾಕು. ಆಮೇಲೆ ಅಸಿಟಿಕ್ ಆಮ್ಲವನ್ನು ಒಂದೊಂದೇ ಹನಿ ಹಾಕಿ ಪಿಎಚ್ ಇಳಿಸಿ ನಿಲ್ಲಿಸಿ. ಒಮ್ಮೆಲೇ ಸುರಿದರೆ ಮಾದರಿ ನೊರೆಯ ಜೊತೆ ಹೊರಗೆ ಹರಿದುಹೋಗುತ್ತದೆ. ತಣ್ಣೀರಿನಲ್ಲಿ ಮೂರು ಸಲ ತೊಳೆದು ಮತ್ತೆ ಫ್ರೀಜ್ ಡ್ರೈ ಮಾಡಿ.

ಬರೀ ಪಿರಿಡಿನೋಲಿನ್ ಸಾಕು ಅನ್ನುವವರಿಗೆ ಈ ಹಂತ ಬೇಡ, ಅದು ಆಮ್ಲಕ್ಕೆ ಜಗ್ಗುವುದಿಲ್ಲ. ಆದರೆ ಎಳೆಯ ಕೊಂಡಿ ಬಿಟ್ಟರೆ ರೋಗ ಈಗ ನಡೆಯುತ್ತಿದೆಯೇ ಅಂತ ಹೇಳಲಾಗದು. ಶ್ರಮ ಜಾಸ್ತಿಯಾದರೂ ಮಾಡಿ ಅಂತಲೇ ನಾನು ಹೇಳುತ್ತೇನೆ.

ಹಂತ 5: ಆಮ್ಲದಲ್ಲಿ ಬೇಯಿಸುವುದು

6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, 110 ಡಿಗ್ರಿ, 18ರಿಂದ 24 ಗಂಟೆ, ಬಿಗಿಯಾಗಿ ಮುಚ್ಚಿದ ಗಾಜಿನ ಟ್ಯೂಬ್. ಬೆಳಿಗ್ಗೆ ಟ್ಯೂಬಿನಲ್ಲಿ ಕಂದು ದ್ರಾವಣ, ತಳದಲ್ಲಿ ಸ್ವಲ್ಪ ಕಪ್ಪು ಗಷ್ಟು ಇರುತ್ತದೆ. ದ್ರಾವಣದ ಮಟ್ಟ ರಾತ್ರಿಗಿಂತ ಇಳಿದಿದ್ದರೆ ಮುಚ್ಚಳ ಸೋರಿದೆ, ಆ ಮಾದರಿಯನ್ನು ಬಿಟ್ಟುಬಿಡಿ. ಗಷ್ಟು ಸೋಸಿ, ಆಮ್ಲ ಪೂರ್ತಿ ಹೋಗುವಂತೆ ಒಣಗಿಸಿ, ಅಳತೆಯ ನೀರಿನಲ್ಲಿ ಕರಗಿಸಿ. ಪಿರಿಡಿನೋಲಿನ್ ಅತಿನೇರಳೆ ಬೆಳಕಿಗೆ ಹಾಳಾಗುತ್ತದೆ, ಕಂದು ಬಣ್ಣದ ವೈಯಲ್ ಬಳಸಿ.

ಆಮ್ಲಕ್ಕೆ ತಡೆಯದ ಇನ್ನೂ ಎರಡು ಇವೆ. ಪೈರೋಲ್ ಕೊಂಡಿಗಳು ಒಂದು, ಸಕ್ಕರೆಯಿಂದ ಆಗುವ ಗ್ಲೂಕೋಸೆಪೇನ್ ಇನ್ನೊಂದು. ಇವು ಬೇಕಾದರೆ ಆಮ್ಲದ ಬದಲು ಕಿಣ್ವಗಳಿಂದ ಜೀರ್ಣಿಸಬೇಕು.

ಹಂತ 6: ಹೈಡ್ರಾಕ್ಸಿಪ್ರೋಲಿನ್

ಆಮ್ಲದಲ್ಲಿ ಬೇಯಿಸಿ ಸಿಕ್ಕ ಅದೇ ದ್ರಾವಣದಿಂದ, ಅಂದರೆ ಹೈಡ್ರೊಲೈಸೇಟ್‌ನಿಂದ ಒಂದು ಪಾಲು ಇದಕ್ಕೆ, ಇನ್ನೊಂದು ಪಾಲು ಕ್ರಾಸ್‌ಲಿಂಕ್‌ಗೆ. ಎರಡೂ ಒಂದೇ ಟ್ಯೂಬಿನಿಂದ ಬರಬೇಕು. ಬೇರೆ ಬೇರೆ ತುಂಡಿನಿಂದ ಅಳೆದು ಭಾಗಿಸಿದರೆ ಆ ಅನುಪಾತಕ್ಕೆ ಬೆಲೆ ಇಲ್ಲ.

ಪಿಎಚ್ 6ರ ಬಫರ್‌ನಲ್ಲಿ ಕ್ಲೋರಮೀನ್-ಟಿ ಸುಮಾರು 20 ನಿಮಿಷ, ಆಮೇಲೆ ಎರ್ಲಿಕ್ ರಿಏಜೆಂಟ್ ಹಾಕಿ 60–65 ಡಿಗ್ರಿಯಲ್ಲಿ 20 ನಿಮಿಷ, 550–560 ನ್ಯಾನೋಮೀಟರ್‌ನಲ್ಲಿ ಓದುವುದು. ಆಮ್ಲ ಉಳಿದಿದ್ದರೆ ಬಣ್ಣ ಸರಿಯಾಗಿ ಬರುವುದಿಲ್ಲ. ಗೊತ್ತಿರುವಷ್ಟು ಹೈಡ್ರಾಕ್ಸಿಪ್ರೋಲಿನ್ ಅನ್ನು ಮಾದರಿಗೇ ಬೆರೆಸಿ, ಅಷ್ಟೂ ವಾಪಸ್ ಬರುತ್ತದೆಯೇ ಅಂತ ಒಮ್ಮೆ ನೋಡಿಕೊಳ್ಳಿ.

ಹಂತ 7: ಕ್ರಾಸ್‌ಲಿಂಕ್ ಅಳತೆ

ಕೊಂಡಿಗಳ ಪ್ರಮಾಣ ಬಹಳ ಕಡಿಮೆ, ಸುತ್ತ ಬೇರೆ ಅಮೈನೋ ಆಮ್ಲಗಳ ಸಂತೆ. ಮೊದಲು ಸೆಲ್ಯುಲೋಸ್ ಕಾಲಂ ಹಾಕಿ ಬೇರ್ಪಡಿಸಿ. ಬ್ಯೂಟನಾಲ್, ಅಸಿಟಿಕ್ ಆಮ್ಲ, ನೀರು 4:1:1 ಮಿಶ್ರಣದಲ್ಲಿ ಕೊಂಡಿಗಳು ಸೆಲ್ಯುಲೋಸಿಗೆ ಹಿಡಿದುಕೊಳ್ಳುತ್ತವೆ, ಉಳಿದದ್ದು ತೊಳೆದುಹೋಗುತ್ತದೆ. ಕೊನೆಗೆ ನೀರಿನಲ್ಲಿ ಇಳಿಸಿಕೊಳ್ಳಿ. ಇಂಟರ್ನಲ್ ಸ್ಟ್ಯಾಂಡರ್ಡ್ ಅನ್ನು, ಅಂದರೆ ಪ್ರಮಾಣ ಗೊತ್ತಿರುವ ಹೋಲಿಕೆಯ ವಸ್ತುವನ್ನು, ಕಾಲಂಗೆ ಮೊದಲೇ ಹಾಕಿರಬೇಕು. ಕಾಲಂನಲ್ಲಿ ಎಷ್ಟು ಕಳೆದುಹೋಯಿತು ಅಂತ ತಿಳಿಯುವುದು ಅದರಿಂದಲೇ.

ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಮಾತ್ರ ಇದ್ದರೆ ಪಿರಿಡಿನೋಲಿನ್ ಮತ್ತು ಅದೇ ಬಗೆಯ ಬಲಿತ ಕೊಂಡಿಯಾದ ಡಿಆಕ್ಸಿಪಿರಿಡಿನೋಲಿನ್ ಅಳೆಯಬಹುದು. ಎರಡೂ ತಾವಾಗಿಯೇ ಹೊಳೆಯುತ್ತವೆ: 297ರಲ್ಲಿ ಬೆಳಕು ಕೊಟ್ಟರೆ 395 ನ್ಯಾನೋಮೀಟರ್‌ನಲ್ಲಿ ಹೊರಸೂಸುತ್ತವೆ. ಎಳೆಯ ಕೊಂಡಿಗಳಿಗೆ ಈ ಗುಣವಿಲ್ಲ, ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಅದರಲ್ಲಿ ನೋಡಬೇಕಾದ ದ್ರವ್ಯರಾಶಿಗಳು: ಪಿರಿಡಿನೋಲಿನ್ 429, ಡಿಆಕ್ಸಿಪಿರಿಡಿನೋಲಿನ್ 413, ಡಿಎಚ್‌ಎಲ್‌ಎನ್‌ಎಲ್ 308, ಎಚ್‌ಎಲ್‌ಎನ್‌ಎಲ್ 292. ಕೊನೆಯ ಎರಡು ಬೋರೋಹೈಡ್ರೈಡ್ ಭದ್ರ ಮಾಡಿಟ್ಟ ಎಳೆಯ ಕೊಂಡಿಗಳು.

ವಿಧಾನ ಕೆಲಸ ಮಾಡುತ್ತಿದೆ ಅಂತ ಖಾತರಿ ಮಾಡಿಕೊಳ್ಳಲು ಒಳ್ಳೆಯ ದಾರಿ ಬಿಎಪಿಎನ್. ಸ್ವೀಟ್ ಪೀ ಗಿಡದ ಬೀಜದ ವಿಷದಿಂದ ಸಿಕ್ಕ ಈ ವಸ್ತು ಲೈಸಿಲ್ ಆಕ್ಸಿಡೇಸ್ ಅನ್ನು ತಡೆಯುತ್ತದೆ. ಕೊಲಾಜೆನ್ ತಯಾರಿಸುವ ಜೀವಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳನ್ನು ವಿಟಮಿನ್ ಸಿ ಕೊಟ್ಟು ಬೆಳೆಸಿ ಎರಡು ಗುಂಪು ಮಾಡಿ, ಒಂದಕ್ಕೆ ಬಿಎಪಿಎನ್ ಹಾಕಿ. ಆ ಗುಂಪಿನಲ್ಲಿ ಕೊಲಾಜೆನ್‌ಗೆ ಹೋಲಿಸಿದ ಕೊಂಡಿ ಇಳಿಯಬೇಕು. ಇಳಿಯದಿದ್ದರೆ ನಿಮ್ಮ ಅಳತೆಯನ್ನು ನಂಬಬೇಡಿ. ಇದೇ ಕುಲದ ಕೇಸರಿ ಬೇಳೆಯಿಂದ ಕಾಲಿನ ಶಕ್ತಿ ಹೋಗುತ್ತದೆ ಅಂತ ಕೇಳಿರುತ್ತೀರಿ. ಆ ವಿಷ ಬೇರೆ. ಅದು ನರಗಳಿಗೆ ತಾಗುತ್ತದೆ, ಬಿಎಪಿಎನ್ ಮೂಳೆ ಮತ್ತು ಕೊಲಾಜೆನ್‌ಗೆ ತಾಗುತ್ತದೆ.

ಹಂತ 8: ಲೆಕ್ಕ

ಕೊಂಡಿಯನ್ನು ಯಾವಾಗಲೂ ಒಂದು ಕೊಲಾಜೆನ್ ಅಣುವಿಗೆ ಎಷ್ಟು ಅಂತ ಹೇಳಿ. ಅಂಗಾಂಶದ ತೂಕಕ್ಕೆ ಎಷ್ಟು ಅಂದರೆ ಕೊಲಾಜೆನ್ ಏರಿದ್ದರಿಂದಲೇ ಕೊಂಡಿಯೂ ಏರಿದಂತೆ ಕಾಣುತ್ತದೆ. ನೋಡಬೇಕೆಂದಿದ್ದ ವಿಷಯವೇ ಮರೆಯಾಗುತ್ತದೆ.

ಲೆಕ್ಕ ತಿಳಿಯಲೆಂದು ಸುಮ್ನೆ ಕೆಲವು ಸಂಖ್ಯೆ ಹಿಡಿಯೋಣ. 20 ಮಿಲಿಗ್ರಾಂ ಒಣ ಲಿವರ್‌ನಲ್ಲಿ 50 ಮೈಕ್ರೋಗ್ರಾಂ ಹೈಡ್ರಾಕ್ಸಿಪ್ರೋಲಿನ್ ಬಂತು. ಅದರ ಅಣುತೂಕ 131. ಭಾಗಿಸಿದರೆ ಸುಮಾರು 381 ನ್ಯಾನೋಮೋಲ್. ಒಂದು ಕೊಲಾಜೆನ್ ಅಣುವಿನಲ್ಲಿ ಸುಮಾರು 300 ಹೈಡ್ರಾಕ್ಸಿಪ್ರೋಲಿನ್ ಅಂತ ಹಿಡಿದರೆ ಕೊಲಾಜೆನ್ 1.27 ನ್ಯಾನೋಮೋಲ್. ಪಿರಿಡಿನೋಲಿನ್ 0.25 ನ್ಯಾನೋಮೋಲ್ ಸಿಕ್ಕಿದ್ದರೆ ಅನುಪಾತ 0.2, ಅಂದರೆ ಐದು ಅಣುಗಳಿಗೆ ಒಂದು ಕೊಂಡಿ.

300 ಅನ್ನೋದು ಟೈಪ್ 1ಕ್ಕೆ ಹೊಂದುವ ಅಂದಾಜು. ಟೈಪ್ 3ರಲ್ಲಿ ಹೈಡ್ರಾಕ್ಸಿಪ್ರೋಲಿನ್ ಇನ್ನೂ ಜಾಸ್ತಿ. ಮಿಶ್ರಣ ಬದಲಾಗುವ ರೋಗದಲ್ಲಿ ಇದನ್ನು ಪ್ರಬಂಧದಲ್ಲಿ ಬರೆದೇ ಹೇಳಬೇಕು.

ಹಂತ 9: ಅನುಪಾತಗಳನ್ನು ಓದುವುದು

ಡಿಎಚ್‌ಎಲ್‌ಎನ್‌ಎಲ್ ಅನ್ನು ಎಚ್‌ಎಲ್‌ಎನ್‌ಎಲ್‌ನಿಂದ ಭಾಗಿಸಿದರೆ ಟೆಲೋಪೆಪ್ಟೈಡಿನಲ್ಲಿ ಹೈಡ್ರಾಕ್ಸಿಲ್ ಎಷ್ಟು ಸೇರಿದೆ ಅನ್ನೋದರ ಸುಳಿವು ಸಿಗುತ್ತದೆ. ಇದು ಏರಿದರೆ ಪ್ಲಾಡ್2 ಕಡೆ ನೋಡಿ. ಡಿಎಚ್‌ಎಲ್‌ಎನ್‌ಎಲ್ ಜಾಸ್ತಿ, ಪಿರಿಡಿನೋಲಿನ್ ಕಡಿಮೆ ಇದ್ದರೆ ಕೊಲಾಜೆನ್ ಹೊಸದು. ತಿರುವುಮುರುವಾದರೆ ಹಳೆಯ ಕಲೆ, ಹೊಸ ಉತ್ಪಾದನೆ ನಿಧಾನವಾಗಿದೆ.

ಬಹಳ ಜನ ಎಡವುವುದು ಪಿರಿಡಿನೋಲಿನ್ ಮತ್ತು ಡಿಆಕ್ಸಿಪಿರಿಡಿನೋಲಿನ್ ಅನುಪಾತದಲ್ಲಿ. ಇದು ಟೆಲೋಪೆಪ್ಟೈಡಿನ ಕಥೆ ಹೇಳುವುದಿಲ್ಲ. ಸುರುಳಿಯ ಒಳಗಿನ ಲೈಸಿನ್‌ಗೆ ಹೈಡ್ರಾಕ್ಸಿಲ್ ಸೇರಿದೆಯೇ ಅಂತ ಹೇಳುತ್ತದೆ. ಆ ಕೆಲಸ ಲೈಸಿಲ್ ಹೈಡ್ರಾಕ್ಸಿಲೇಸ್-1ರದ್ದು.

ಪ್ಲಾಡ್2ರ ಆರ್‌ಎನ್‌ಎ ಏರಿತು, ಆದ್ದರಿಂದ ಕ್ರಾಸ್‌ಲಿಂಕ್ ಏರಿದೆ ಅನ್ನುವ ವಾದವನ್ನೂ ಒಪ್ಪಬೇಡಿ. ಕಿಣ್ವದ ಸಂದೇಶ ಬೇರೆ, ಬಿದ್ದ ಕೊಂಡಿ ಬೇರೆ.

ಮಧುಮೇಹದ ಮಾದರಿಗಳಲ್ಲಿ ಇನ್ನೊಂದು ಪದರ ಇರುತ್ತದೆ. ಕಿಣ್ವದ ಹಂಗಿಲ್ಲದೆ ಸಕ್ಕರೆಯೇ ಹಾಕುವ ಕೊಂಡಿಗಳಿವು, ಪೆಂಟೋಸಿಡಿನ್ ಒಂದು ಉದಾಹರಣೆ. ಅದು ಆಮ್ಲಕ್ಕೆ ತಡೆಯುತ್ತದೆ, 335ರಲ್ಲಿ ಬೆಳಕು ಕೊಟ್ಟು 385ರಲ್ಲಿ ಓದಬಹುದು. ಟ್ರಾನ್ಸ್‌ಗ್ಲುಟಾಮಿನೇಸ್-2 ಹಾಕುವ ಕೊಂಡಿ ಮೂರನೆಯ ಬಗೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳಿಗೆ ವಿಷ ಕೊಟ್ಟು ಸಿರೋಸಿಸ್, ಅಂದರೆ ಕೊನೆಯ ಹಂತದ ಲಿವರ್ ಫೈಬ್ರೋಸಿಸ್ ಬರಿಸಿ, ವಿಷ ನಿಲ್ಲಿಸಿ, ಚೇತರಿಸಿಕೊಳ್ಳಲು ಬಿಟ್ಟರು. ಹೊಸ ಕಲೆ ಕರಗಿತು. ಕೊಂಡಿ ಬಿದ್ದ ಹಳೆಯ ಪಟ್ಟಿಗಳು ಹಾಗೇ ಉಳಿದವು.

ಹಂತ 10: ರಕ್ತಕ್ಕೆ ಹೋಗುವುದು

ಬಯಾಪ್ಸಿಯನ್ನು ಮತ್ತೆ ಮತ್ತೆ ಮಾಡಲಾಗದು. ಸೂಜಿಯಲ್ಲಿ ಬರುವುದು ಲಿವರ್‌ನ ಸುಮಾರು 50,000ದಲ್ಲಿ ಒಂದು ಪಾಲು. ಹಾಗಾಗಿ ಎಲ್ಲರ ಕಣ್ಣು ರಕ್ತ, ಮೂತ್ರ ಮತ್ತು ಸ್ಕ್ಯಾನ್ ಮೇಲೆ.

ಮೂತ್ರದ ಪಿರಿಡಿನೋಲಿನ್ ಅಳೆದರೆ ಆಯಿತಲ್ವಾ ಅನ್ನಿಸುತ್ತದೆ. ಆಗುವುದಿಲ್ಲ. ದೇಹದ ಪಿರಿಡಿನೋಲಿನ್ ಬಹುಪಾಲು ಮೂಳೆ, ಮೃದ್ವಸ್ಥಿಗಳದ್ದು. ಮುಟ್ಟು ನಿಂತ ಹೆಣ್ಣುಮಕ್ಕಳು, ಬೆಳೆಯುವ ಮಕ್ಕಳು, ಸಂಧಿವಾತ ಇರುವವರು, ಇವರೆಲ್ಲರಲ್ಲೂ ಅದು ಲಿವರ್‌ಗೆ ಸಂಬಂಧವಿಲ್ಲದೆ ಏರುತ್ತದೆ. ಡಿಆಕ್ಸಿಪಿರಿಡಿನೋಲಿನ್ ಇದ್ದದ್ದೇ ಮೂಳೆ ಸವೆತದ ಗುರುತಾಗಿ.

ಆದ್ದರಿಂದ ರಕ್ತದ ಪ್ರತಿ ಗುರುತಿಗೂ, ಅಂದರೆ ಬಯೋಮಾರ್ಕರ್‌ಗೂ, ಒಂದೇ ಪ್ರಶ್ನೆ ಹಾಕಿ: ಇದು ಯಾವ ಘಟನೆಯಿಂದ ಹುಟ್ಟಿತು? ಪ್ರೊ-ಸಿ3 ಹುಟ್ಟುವುದು ಟೈಪ್ 3 ಕೊಲಾಜೆನ್ ತಯಾರಾಗುವಾಗ, ಕಟ್ಟುವ ಮುಂಚೆ. ಸಿಐಟಿಪಿ ಟೈಪ್ 1 ಒಡೆಯುವಾಗ ಬರುವ ಚೂರು. ಲಾಕ್ಸ್‌ಎಲ್2 ಕೊಂಡಿ ಹಾಕುವ ಕಿಣ್ವ. 2014ರ ಅಧ್ಯಯನವೊಂದರಲ್ಲಿ ರಕ್ತದಲ್ಲಿ ಇದು ಹೆಚ್ಚಿದ್ದ ಐಪಿಎಫ್ ರೋಗಿಗಳಲ್ಲಿ ರೋಗ ಮುಂದುವರಿಯುವ ಸಂಭವ ಹೆಚ್ಚಿತ್ತು.

ಇವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಹೃದಯದ ಮೇಲಿನ ಸಂಶೋಧನೆ. ಸ್ಪೇನಿನ ಪಂಪ್ಲೋನಾದ ತಂಡ ಸಿಐಟಿಪಿಯನ್ನು ಎಂಎಂಪಿ-1ರಿಂದ ಭಾಗಿಸಿತು. ಎಂಎಂಪಿ-1 ಕತ್ತರಿಸುವ ಕಿಣ್ವ, ಸಿಐಟಿಪಿ ಕತ್ತರಿಸಿದಾಗ ಬೀಳುವ ಚೂರು. ಕತ್ತರಿ ಬೇಕಾದಷ್ಟಿದ್ದೂ ಚೂರು ಬೀಳುತ್ತಿಲ್ಲ ಅಂದರೆ ಕೊಲಾಜೆನ್ ಬಿಗಿಯಾಗಿ ಕಟ್ಟಿಕೊಂಡಿದೆ ಅಂತ ಅರ್ಥ. ಹೃದಯದ ಬಯಾಪ್ಸಿಯ ಜೊತೆ ಹೋಲಿಸಿ ಇದನ್ನು ತೋರಿಸಿದರು. 2018ರಲ್ಲಿ ಇದೇ ಅನುಪಾತವನ್ನು ಸ್ಪೈರನೋಲ್ಯಾಕ್ಟೋನ್ ಔಷಧಿ ಪರೀಕ್ಷಿಸಿದ ಆಲ್ಡೋ-ಡಿಎಚ್‌ಎಫ್ ಪ್ರಯೋಗದ ಹೃದಯರೋಗಿಗಳಲ್ಲಿ ನೋಡಿದಾಗ, ಕೊಂಡಿ ಜಾಸ್ತಿ ಎಂದು ಕಂಡವರಲ್ಲಿ ಆ ಔಷಧಿಯಿಂದ ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳುವುದು ಸುಧಾರಿಸಲಿಲ್ಲ. ಯಾರಿಗೆ ಯಾವ ಔಷಧಿ ಅನ್ನೋದಕ್ಕೆ ಇಂಥ ಗುರುತು ಬೇಕು. ಕಿಡ್ನಿ ಸರಿಯಿಲ್ಲದವರಲ್ಲಿ ಸಿಐಟಿಪಿ ಹೊರಹೋಗದೆ ಏರುತ್ತದೆ, ಕ್ರಿಯಾಟಿನಿನ್ ನೋಡದೆ ಈ ಸಂಖ್ಯೆ ಓದಬೇಡಿ.

ಸ್ಕ್ಯಾನ್‌ನಲ್ಲಿ ಹೊಸ ಆಸೆ ಹುಟ್ಟಿಸಿರುವುದು ಆಲೈಸಿನ್‌ಗೆ ಅಂಟುವ ಎಂಆರ್‌ಐ ವಸ್ತುಗಳು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಪೀಟರ್ ಕ್ಯಾರವನ್ ತಂಡ ಇಲಿಗಳಲ್ಲಿ ಇದನ್ನು ತೋರಿಸಿದೆ. ಆಲೈಸಿನ್ ಇದೆ ಅಂದರೆ ಕೊಂಡಿ ಬೀಳುವ ಕೆಲಸ ಈಗ ನಡೆಯುತ್ತಿದೆ ಎಂದರ್ಥ.

ಫೈಬ್ರೋಸ್ಕ್ಯಾನ್ ಅಳೆಯುವುದು ಗಡಸುತನವನ್ನು. ಉರಿಯೂತ, ಹೃದಯದ ತೊಂದರೆಯಿಂದ ಲಿವರ್‌ನಲ್ಲಿ ರಕ್ತ ನಿಲ್ಲುವುದು, ಪಿತ್ತ ಕಟ್ಟುವುದು, ಈಗ ತಾನೇ ಮಾಡಿದ ಊಟ, ಇವೂ ಸಂಖ್ಯೆ ಏರಿಸುತ್ತವೆ. ಮೂರು ಗಂಟೆ ಹೊಟ್ಟೆ ಖಾಲಿ ಇಟ್ಟು ಮಾಡಿಸಿ ಅನ್ನೋದು ಇದಕ್ಕೇ.

ಹಂತ 11: ಬಯೋಮಾರ್ಕರ್ ಎನ್ನುವ ಮೊದಲು

ಮೊದಲು ಕೆಲಸ ಯಾವುದು ಅಂತ ಹೇಳಿ. ರೋಗ ಇದೆ ಅನ್ನಲೋ, ಮುಂದೆ ಏನಾಗಬಹುದು ಅನ್ನಲೋ, ಔಷಧಿ ಯಾರಿಗೆ ಹಿಡಿಯುತ್ತದೆ ಅನ್ನಲೋ, ಚಿಕಿತ್ಸೆಯ ಪರಿಣಾಮ ನೋಡಲೋ? ಒಂದಕ್ಕೆ ಸಾಬೀತಾದದ್ದು ಇನ್ನೊಂದಕ್ಕೆ ತಾನಾಗಿ ಸಲ್ಲದು. ಲಿವರ್ ಫೈಬ್ರೋಸಿಸ್‌ನ ರಕ್ತಪರೀಕ್ಷೆಯಾದ ಇಎಲ್‌ಎಫ್ ಅನ್ನೇ ನೋಡಿ. ರಕ್ತದ ಮೂರು ವಸ್ತುಗಳಾದ ಹಯಲುರಾನಿಕ್ ಆಮ್ಲ, ಪಿ3ಎನ್‌ಪಿ, ಟಿಂಪ್-1 ಸೇರಿಸಿದ ಅಂಕ ಅದು. 2021ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿದ್ದು ಕೊಬ್ಬಿನ ಲಿವರ್ ಉರಿಯೂತದಿಂದ ಮುಂದುವರಿದ ಫೈಬ್ರೋಸಿಸ್ ಇರುವವರಲ್ಲಿ ರೋಗ ಎತ್ತ ಸಾಗಬಹುದು ಎಂದು ಅಂದಾಜಿಸಲು. ಅಪಾಯ ಕಡಿಮೆ, ಮಧ್ಯಮ, ಹೆಚ್ಚು ಎಂದು ಬೇರ್ಪಡಿಸುವ ಅದರ ಗಡಿಗಳು 9.8 ಮತ್ತು 11.3.

ಎರಡನೆಯದಾಗಿ, ಅಗ್ಗದ ಪರೀಕ್ಷೆಯ ಎದುರು ನಿಲ್ಲಿಸಿ. ಲಿವರ್ ಫೈಬ್ರೋಸಿಸ್ ಅಂದಾಜಿಸುವ ಫಿಬ್-4 ಅಂಕಕ್ಕೆ ಬೇಕಾದದ್ದು ವಯಸ್ಸು, ಲಿವರ್ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ, ಜೊತೆಗೆ ಪ್ಲೇಟ್‌ಲೆಟ್ ಮಾತ್ರ. ಜಿಲ್ಲಾ ಆಸ್ಪತ್ರೆಯಲ್ಲೂ ಸಿಗುತ್ತದೆ. ಅದು ಕೊಲಾಜೆನ್ ನೋಡುವುದೇ ಇಲ್ಲ, ಆದರೂ 1.3ಕ್ಕಿಂತ ಕಡಿಮೆ ಇದ್ದವರಲ್ಲಿ ಮುಂದುವರಿದ ಫೈಬ್ರೋಸಿಸ್ ಸಂಭವ ಕಡಿಮೆ ಅಂತ ಹೇಳಬಲ್ಲದು. ನಿಮ್ಮ ಹೊಸ ಗುರುತು ಫಿಬ್-4ಕ್ಕೆ ಏನು ಸೇರಿಸುತ್ತದೆ ಅಂತ ತೋರಿಸದಿದ್ದರೆ ಯಾವ ವೈದ್ಯರೂ ಬರೆಯುವುದಿಲ್ಲ. ಬರೆಯಬಾರದು ಕೂಡ.

ಮೂರನೆಯದು, ಹೋಲಿಕೆ. ಗಟ್ಟಿಮುಟ್ಟಾದ ವಿದ್ಯಾರ್ಥಿಗಳನ್ನು ಒಂದು ಕಡೆ, ಕೊನೆಯ ಹಂತದ ಸಿರೋಸಿಸ್ ರೋಗಿಗಳನ್ನು ಇನ್ನೊಂದು ಕಡೆ ನಿಲ್ಲಿಸಿದರೆ ಯಾವ ಗುರುತೂ ಗೆಲ್ಲುತ್ತದೆ. ಕಷ್ಟ ಇರುವುದು ಫೈಬ್ರೋಸಿಸ್‌ನ ಎರಡನೇ ಮತ್ತು ಮೂರನೇ ಹಂತದವರನ್ನು ಬೇರ್ಪಡಿಸುವುದರಲ್ಲಿ. ಗಡಿ ಸಂಖ್ಯೆಯನ್ನು ಒಂದು ಗುಂಪಿನಲ್ಲಿ ಗೊತ್ತುಮಾಡಿ, ಬೇರೆ ಊರಿನ ಬೇರೆ ಗುಂಪಿನಲ್ಲಿ ಪರೀಕ್ಷಿಸಿ. ರಕ್ತ ತೆಗೆಯುವ ಹೊತ್ತು, ಉಪವಾಸ, ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಿರಿ ಅನ್ನೋದು ಎಲ್ಲರಿಗೂ ಒಂದೇ ಇರಲಿ.

ಸಿಮ್ಟುಜುಮ್ಯಾಬ್ ಕಥೆಯನ್ನು ಪ್ರತಿ ವಿದ್ಯಾರ್ಥಿಯೂ ಓದಬೇಕು. ಲಾಕ್ಸ್‌ಎಲ್2 ತಡೆಯುವ ಈ ಆಂಟಿಬಾಡಿಯನ್ನು ಗಿಲಿಯಡ್ ಕಂಪನಿ ಶ್ವಾಸಕೋಶ ಮತ್ತು ಲಿವರ್ ಫೈಬ್ರೋಸಿಸ್‌ನಲ್ಲಿ ಪರೀಕ್ಷಿಸಿತು. 2017ರಿಂದ 2019ರ ನಡುವೆ ಫಲಿತಾಂಶಗಳು ಪ್ರಕಟವಾದವು: ಐಪಿಎಫ್‌ನಲ್ಲಿ ಪ್ರಯೋಜನ ಕಾಣಲಿಲ್ಲ, ಕೊಬ್ಬಿನ ಲಿವರ್ ಉರಿಯೂತದಲ್ಲೂ ಇಲ್ಲ, ಪಿತ್ತನಾಳದ ರೋಗದಲ್ಲೂ ಇಲ್ಲ. ಕೊಬ್ಬಿನ ಲಿವರ್ ಪ್ರಯೋಗಗಳಲ್ಲಿ ಮುಖ್ಯವಾಗಿ ನೋಡಿದ್ದು ಕೊಲಾಜೆನ್ ಎಷ್ಟು ಜಾಗ ಆವರಿಸಿದೆ, ಪೋರ್ಟಲ್ ರಕ್ತನಾಳದ ಒತ್ತಡ ಎಷ್ಟು ಅನ್ನೋದನ್ನು. ಐಪಿಎಫ್‌ನಲ್ಲಿ ನೋಡಿದ್ದು ರೋಗ ಮುಂದುವರಿಯದೆ ಬದುಕಿದ ಕಾಲ. ಕೊಂಡಿ ತಡೆಯುವ ಔಷಧಿಗೆ ಕೊಂಡಿಯ ಅಳತೆಯೇ ಮೊದಲ ಪರೀಕ್ಷೆಯಾಗಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಔಷಧಿ ಗುರಿ ಮುಟ್ಟಲಿಲ್ಲವೋ, ಗುರಿ ಮುಟ್ಟಿಯೂ ರೋಗ ಬಗ್ಗಲಿಲ್ಲವೋ ಅನ್ನೋದು ಆಗ ಗೊತ್ತಾಗುತ್ತದೆ. ಇವೆರಡಕ್ಕೂ ಮುಂದಿನ ದಾರಿ ಪೂರ್ತಿ ಬೇರೆ.

ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲದವರಿಗೆ

ದೊಡ್ಡ ಯಂತ್ರ ಇಲ್ಲ ಅಂತ ಕೈಬಿಡಬೇಡಿ. ಕರಗುವಿಕೆಯ ಪ್ರಯೋಗಕ್ಕೆ ಸೆಂಟ್ರಿಫ್ಯೂಜ್, ಹೀಟಿಂಗ್ ಬ್ಲಾಕ್ ಮತ್ತು ಸ್ಪೆಕ್ಟ್ರೋಫೋಟೋಮೀಟರ್ ಸಾಕು. ಪುಡಿಯನ್ನು 4 ಡಿಗ್ರಿಯಲ್ಲಿ ಮೊದಲು ಉಪ್ಪಿನ ಬಫರ್, ಆಮೇಲೆ 0.5 ಮೋಲಾರ್ ಅಸಿಟಿಕ್ ಆಮ್ಲ, ಆಮೇಲೆ ಅದೇ ಆಮ್ಲದಲ್ಲಿ ಪೆಪ್ಸಿನ್, ಹೀಗೆ ಒಂದೊಂದು ರಾತ್ರಿ ಇಡಿ. ಪ್ರತಿ ಸಲ ಮೇಲಿನ ದ್ರವ ತೆಗೆದಿಟ್ಟು, ಕೊನೆಗೆ ಉಳಿದ ಗಷ್ಟನ್ನೂ ಸೇರಿಸಿ ನಾಲ್ಕೂ ಭಾಗಗಳನ್ನು ಆಮ್ಲದಲ್ಲಿ ಬೇಯಿಸಿ ಹೈಡ್ರಾಕ್ಸಿಪ್ರೋಲಿನ್ ಅಳೆಯಿರಿ. ಉಪ್ಪಿಗೆ ಕರಗಿದ್ದು ಇನ್ನೂ ಕಟ್ಟಿಕೊಳ್ಳದ ಕೊಲಾಜೆನ್. ಆಮ್ಲಕ್ಕೆ ಬಂದದ್ದು ಸಡಿಲ ಕೊಂಡಿಯದ್ದು. ಪೆಪ್ಸಿನ್ ಟೆಲೋಪೆಪ್ಟೈಡನ್ನು ಕತ್ತರಿಸಿ ಇನ್ನಷ್ಟು ಬಿಡಿಸುತ್ತದೆ. ಯಾವುದಕ್ಕೂ ಜಗ್ಗದೆ ತಳದಲ್ಲಿ ಉಳಿದದ್ದು ಬಲಿತ ಕೊಂಡಿಯ ಪಾಲು. ಯಾವ ಕೊಂಡಿ ಅಂತ ಇದು ಹೇಳದು, ಎಷ್ಟು ಬಿಗಿ ಅಂತ ಹೇಳುತ್ತದೆ. ಆ ಹೈಡ್ರೊಲೈಸೇಟ್‌ಗಳನ್ನು ಚೆಲ್ಲಬೇಡಿ. ಕಂದು ವೈಯಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿಟ್ಟರೆ, ಎಚ್‌ಪಿಎಲ್‌ಸಿ ಇರುವ ಲ್ಯಾಬಿನವರು ಒಪ್ಪಿದ ದಿನ ಅವುಗಳಲ್ಲೇ ಪಿರಿಡಿನೋಲಿನ್ ಅಳೆಯಬಹುದು.